ಬರಿಹೊಟ್ಟೆಯ ಒಂದು ಗಂಟೆ

ಥೈರಾಯ್ಡ್ ಇದೆ ಎಂದು ಹೇಳಿಕೊಳ್ಳುವ ಗಂಡಸಿಗೆ ನಮ್ಮ ಕಡೆ ಮರ್ಯಾದೆ ಅಷ್ಟಕ್ಕಷ್ಟೆ. ಶುಗರ್ ಇದೆ ಎನ್ನಿ, ಬಸ್ಸಿನಲ್ಲಿ ಸರಿದು ಕೂತು ಜಾಗ ಕೊಡುತ್ತಾರೆ. ಬಿ.ಪಿ. ಇದೆ ಎನ್ನಿ, ಜಗಳಕ್ಕೆ ಬಂದವರೂ ದನಿ ತಗ್ಗಿಸುತ್ತಾರೆ. ಥೈರಾಯ್ಡ್ ಎಂದರೆ ಮಾತ್ರ ಒಮ್ಮೆ ನಿಮ್ಮ ಮುಖ ನೋಡಿ, ಆಮೇಲೆ ನಿಮ್ಮ ಮೀಸೆ ನೋಡಿ, "ಅದು ಎಂಗಸ್ರಿಗಲ್ವಾ ಸಾ ಬರಾದು?" ಎನ್ನುತ್ತಾರೆ. ನಂಜನಗೂಡಿನ ಲ್ಯಾಬೊಂದರ ಬೆಂಚಿನ ಮೇಲೆ ರಕ್ತ ಕೊಡಲು ಕೂತ ಹೆಂಗಸರ ಸಾಲಿನ ತುದಿಯಲ್ಲಿ ನಾನೂ ಕೂತಿದ್ದೆ. ಒಳಗಿನಿಂದ ಬಂದ ಹುಡುಗಿ ಚೀಟಿ ನೋಡಿ, "ಪೇಷಂಟ್ ಎಲ್ಲಿ ಸಾರ್, ಕರೀರಿ" ಎಂದಳು. ನಾನೇ ಎಂದು ಎದ್ದು ನಿಂತೆ. ಇಡೀ ಬೆಂಚು ತಿರುಗಿ ನೋಡಿತು.

ನನಗೆ ಈ ಕಾಯಿಲೆ ಬಂದದ್ದು ಯಾವಾಗ ಎಂದು ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಮಂಕು, ಮೈಭಾರ, ಮಧ್ಯಾಹ್ನದ ತೂಕಡಿಕೆ, ಹೇಳಿದ್ದನ್ನೇ ಹೇಳುವುದು, ಇವೆಲ್ಲ ವೃತ್ತಿಯ ಲಕ್ಷಣಗಳೆಂದೇ ಎಲ್ಲರೂ ತಿಳಿದಿದ್ದರು. ಒಂದು ದಿನ ಎರಡನೇ ಪಾಣಿಪತ್ ಯುದ್ಧಕ್ಕೂ ಮೂರನೆಯದಕ್ಕೂ ನಡುವೆ ಕುರ್ಚಿಯಲ್ಲೇ ಸಣ್ಣದೊಂದು ನಿದ್ದೆ ತೆಗೆದೆ. ಎದ್ದಾಗ ಮಕ್ಕಳು ಸದ್ದಿಲ್ಲದೆ ಕೂತಿದ್ದವು. ಆ ಎರಡು ಯುದ್ಧಗಳ ನಡುವೆ ಇನ್ನೂರು ವರ್ಷಗಳ ಅಂತರವಿದೆ ಎಂದು ನಾನೇ ಹೇಳಿಕೊಟ್ಟಿದ್ದರಿಂದ ಅವಕ್ಕೆ ಅನುಮಾನ ಬರಲಿಲ್ಲವಂತೆ. ಹೆಡ್ಮಾಸ್ಟರಿಗೆ ಬಂತು. ಅವರ ಬಲವಂತಕ್ಕೆ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ನನಗಿಂತ ಗಾಢವಾಗಿ ಮಲಗಿರುವುದು ಪತ್ತೆಯಾಯಿತು.

ಗಂಟಲಿನಲ್ಲಿ ಚಿಟ್ಟೆಯಂತೆ ರೆಕ್ಕೆ ಹರಡಿ ಕೂತಿರುವ ಸಣ್ಣ ಗ್ರಂಥಿ ಅದು. ಅದು ಕೆಲಸ ಮಾಡದಿದ್ದರೆ ಮೆದುಳು ಕೆಳಗೆ ಕೂಗು ಹಾಕುತ್ತದೆ. ಆ ಕೂಗಿನ ಹೆಸರು ಟಿ.ಎಸ್.ಎಚ್. ಗ್ರಂಥಿ ಸೋಮಾರಿಯಾದಷ್ಟೂ ಕೂಗು ಜೋರು, ರಿಪೋರ್ಟಿನಲ್ಲಿ ಅಂಕಿ ಮೇಲೆ. ನನಗೆ ಇದು ತಕ್ಷಣ ಅರ್ಥವಾಯಿತು, ಹಿಂದಿನ ಬೆಂಚಿನ ಜೊತೆ ನನ್ನ ಸಂಬಂಧವೂ ಇದೇ ತರಹದ್ದು. ಇನ್ನು ನಮ್ಮೂರಿನ ದೇವರೋ, ವಿಷ ಕುಡಿದು ಗಂಟಲಲ್ಲೇ ನಿಲ್ಲಿಸಿಕೊಂಡವನು. ಕಂಠದ ಮಟ್ಟಿಗೆ ಅವನಷ್ಟು ಅನುಭವಸ್ಥ ದೇವರು ಇನ್ನೊಬ್ಬನಿಲ್ಲ. ಒಂದು ಸೋಮವಾರ ಹೋಗಿ ಕೈಮುಗಿದು, ನಿನ್ನದು ನೀಲಿಯಾಗಿದೆ, ನನ್ನದು ಮಂಕಾಗಿದೆ, ಇಬ್ಬರೂ ಒಂದೇ ವಾರ್ಡಿನವರು, ಸ್ವಲ್ಪ ನೋಡಿಕೋ ಎಂದು ಹೇಳಿ ಬಂದೆ. ಅವನು ಒಪ್ಪಿಕೊಂಡನೋ ಇಲ್ಲವೋ ತಿಳಿಯಲಿಲ್ಲ, ಹಿಂದೆ ಕ್ಯೂ ಉದ್ದವಿತ್ತು.

ಡಾಕ್ಟರು ಮಾತ್ರೆ ಬರೆದರು. ಹೆಸರುಕಾಳಿನಷ್ಟೇ ಇರುವ ಆ ಮಾತ್ರೆಯ ದರ್ಪ ನೋಡಬೇಕು ನೀವು. ಬೆಳಗ್ಗೆ ಎದ್ದ ಕೂಡಲೇ ಬರಿಹೊಟ್ಟೆಯಲ್ಲಿ ಅದೊಂದೇ ಒಳಗೆ ಹೋಗಬೇಕು. ಜೊತೆಗೆ ನೀರು ಬಿಟ್ಟರೆ ಇನ್ಯಾರೂ ಇರಕೂಡದು. ಅದು ಹೋಗಿ ಒಳಗೆ ವಿರಾಜಮಾನವಾಗಿ ಒಂದು ಗಂಟೆ ಕಳೆಯುವವರೆಗೆ ಕಾಫಿಗೆ ಪ್ರವೇಶವಿಲ್ಲ. ಇಷ್ಟು ಸಾಲದೆಂದು, ಬಹುಶಃ ಜೀವನಪೂರ್ತಿ ತೆಗೆದುಕೊಳ್ಳಬೇಕಾಗುತ್ತದೆ ಎಂದರು. ಕಾಫಿಯನ್ನು ಒಂದು ಗಂಟೆ ಮುಂದೂಡುವುದನ್ನು ನಾನು ಸಹಿಸಿಯೇನು, ಆದರೆ ಈ ಜೀವನಪೂರ್ತಿ ಎನ್ನುವ ಮಾತು ನನಗೆ ಸರಿಬರಲಿಲ್ಲ. ಅಲ್ಲಿಂದಲೇ ನನ್ನ ಮನಸ್ಸು ಅಡ್ಡದಾರಿ ಹುಡುಕಲು ಶುರುಮಾಡಿತು.

ಅಡ್ಡದಾರಿ ತೋರಿಸುವವರಿಗೆ ನಮ್ಮಲ್ಲಿ ಬರವಿಲ್ಲ. ಕಳಲೆಯಿಂದ ಬರುವ ಸಹೋದ್ಯೋಗಿಯೊಬ್ಬರು ಅಶ್ವಗಂಧದ ಪುಡಿ ತಂದುಕೊಟ್ಟರು. ದೇವನೂರಿನ ಬಸ್ಸಿನಲ್ಲಿ ಸಿಕ್ಕ ರೈತರೊಬ್ಬರು ಇದಕ್ಕೆಲ್ಲ ರಸಬಾಳೆಗಿಂತ ಮದ್ದಿಲ್ಲ ಎಂದರು. ವಿಚಾರಿಸಿದರೆ ಅವರು ರಸಬಾಳೆ ಬೆಳೆಯುವವರು. ಮೂಲವ್ಯಾಧಿಯಿಂದ ಹಿಡಿದು ಮಕ್ಕಳ ಗಣಿತದವರೆಗೆ ಎಲ್ಲಕ್ಕೂ ಅವರಲ್ಲಿ ಅದೇ ಔಷಧಿ. ಮಿಕ್ಕಿದ್ದನ್ನು ಮೊಬೈಲು ಹೇಳಿಕೊಟ್ಟಿತು. ಸೆಲೆನಿಯಂ, ಜಿಂಕು, ಕಬ್ಬಿಣ, ಕ್ಯಾಲ್ಸಿಯಂ, ಉದುರುವ ಕೂದಲಿಗೆ ಬಯೋಟಿನ್ ಎಂಬ ಕ್ಯಾಪ್ಸೂಲು, ಇವೆಲ್ಲದರ ಮೇಲೆ ಕಿರೀಟದಂತೆ ಕಡಲಪಾಚಿಯ ಪುಡಿ. ಸಮುದ್ರಕ್ಕೂ ನಂಜನಗೂಡಿಗೂ ನಡುವೆ ಇಡೀ ಪಶ್ಚಿಮಘಟ್ಟವೇ ಅಡ್ಡ ಇದೆ, ಆದರೂ ಆ ಡಬ್ಬಿಯ ಮುಚ್ಚಳ ತೆಗೆದರೆ ಅಡುಗೆಮನೆಯಲ್ಲಿ ಮೀನುಪೇಟೆಯೇ ಎದ್ದು ನಿಲ್ಲುತ್ತಿತ್ತು. ನನ್ನ ಹೆಂಡತಿ ಡಬ್ಬಿಯನ್ನು ಮೊದಲು ಫ್ರಿಜ್ಜಿನ ಮೇಲಕ್ಕೆ, ಆಮೇಲೆ ಕಿಟಕಿಗೆ, ಕೊನೆಗೆ ಕಾಂಪೌಂಡಿನ ಗೋಡೆಗೆ ವರ್ಗ ಮಾಡಿದಳು. ಕಾಗೆಗಳು ಬಂದು ಸುತ್ತಲೂ ಕೂತು ಚರ್ಚಿಸಿ, ಮುಟ್ಟದೆ ಹಾರಿಹೋದವು.

ಹೀಗೆ ಕೆಲವು ತಿಂಗಳು ಮಾತ್ರೆಯ ಜೊತೆಗೇ ಪುಡಿ, ಗುಳಿಗೆ, ಕ್ಯಾಪ್ಸೂಲು ನುಂಗಿದ ಮೇಲೆ ರಕ್ತಪರೀಕ್ಷೆ ಮಾಡಿಸಿದೆ. ರಿಪೋರ್ಟು ನೋಡಿ ನನ್ನ ಕಣ್ಣನ್ನೇ ನಾನು ನಂಬಲಿಲ್ಲ. ಟಿ.ಎಸ್.ಎಚ್. ಪಾತಾಳಕ್ಕೆ ಇಳಿದಿತ್ತು. ಮೆದುಳಿನ ಕೂಗಾಟ ನಿಂತೇಹೋದಂತೆ. ನಾನು ಆ ಕಾಗದವನ್ನು ಸ್ಟಾಫ್ ರೂಮಿನಲ್ಲಿ ತೋರಿಸಿದೆ, ಬಸ್ಸಿನಲ್ಲಿ ತೋರಿಸಿದೆ, ಮನೆಯಲ್ಲಿ ಎರಡು ಸಲ ತೋರಿಸಿದೆ. ಮಾತ್ರೆಯನ್ನು ಇನ್ನು ಬಿಟ್ಟುಬಿಡಬಹುದು ಎಂದೆ. ನನ್ನ ಹೆಂಡತಿ ಕಾಗದ ನೋಡಿ, ಸೋಫಾದ ಮೇಲೆ ಹೊದ್ದು ಮಲಗಿದ್ದ ನನ್ನನ್ನು ನೋಡಿ, "ರಿಪೋರ್ಟಲ್ಲಿ ಎದ್ದಿದ್ದೀರಿ, ಸೋಫಾದಲ್ಲಿ ಇನ್ನೂ ಎದ್ದಿಲ್ಲ" ಎಂದಳು. ಹೊಟ್ಟೆಕಿಚ್ಚಿರಬೇಕು ಎಂದುಕೊಂಡು ಮಗ್ಗುಲು ಬದಲಿಸಿದೆ.

ಈಗ ಅಕ್ಕನ ವಿಷಯ ಹೇಳಬೇಕು. ನನಗಿಂತ ಬಹಳ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ತಿ. ನರಸೀಪುರದ ಅಂಚಿನಲ್ಲಿ ಅವಳ ಮನೆ, ಮನೆಯ ಹಿಂದೆ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಲಚ್ಚಿ ಎನ್ನುವ ಎಮ್ಮೆ. ನಮ್ಮೂರಿನ ಕಪಿಲೆ ಹರಿದು ಹೋಗಿ ಕಾವೇರಿಯನ್ನು ಸೇರುವುದು ನರಸೀಪುರದಲ್ಲಿ. ಹಾಗಾಗಿ ನಾವಿಲ್ಲಿ ಹೊಳೆಗೆ ಬಿಟ್ಟದ್ದೆಲ್ಲ ಅವರಿಗೆ ಸಿಗುತ್ತದೆ. ನನ್ನ ಬುದ್ಧಿವಾದದ ಕಥೆಯೂ ಇದೇ. ಅಕ್ಕನಿಗೂ ಥೈರಾಯ್ಡ್ ಎಂದು ಗೊತ್ತಾದಾಗ, ಬರಿಹೊಟ್ಟೆಯ ಒಂದು ಗಂಟೆಯ ನಿಯಮವನ್ನು ಫೋನಿನಲ್ಲಿ ಅವಳಿಗೆ ಹತ್ತು ಸಲ ಹೇಳಿ ಬಾಯಿಪಾಠ ಮಾಡಿಸಿದವನು ನಾನು. ಅಷ್ಟಕ್ಕೇ ಸುಮ್ಮನಿರದೆ, ವಯಸ್ಸಾದ ಮೇಲೆ ಮೂಳೆಗೆ ಕ್ಯಾಲ್ಸಿಯಂ ಬೇಕು, ನಮ್ಮ ಹಿರಿಯರು ಎಲೆಗೆ ಸುಣ್ಣ ಹಚ್ಚುತ್ತಿದ್ದದ್ದು ಅದಕ್ಕೇ, ಅವರೆಲ್ಲ ವಿಜ್ಞಾನಿಗಳು ಎಂದು ಒಂದು ಉಪನ್ಯಾಸವನ್ನೂ ಕೊಟ್ಟಿದ್ದೆ. ಅಕ್ಕ ಎಲ್ಲವನ್ನೂ ಹೂಂ ಹೂಂ ಎಂದು ಕೇಳಿಸಿಕೊಂಡಿದ್ದಳು.

ಆದರೆ ಅಕ್ಕನ ಟಿ.ಎಸ್.ಎಚ್. ಇಳಿಯಲೊಲ್ಲದು. ಡಾಕ್ಟರು ಮಾತ್ರೆಯ ಪವರ್ ಏರಿಸಿದರು, ಅಂಕಿಯೂ ಏರಿತು. ಮತ್ತೆ ಏರಿಸಿದರು, ಅದೂ ಏರಿತು. ಕೋಳಿಗಿಂತ ಮುಂಚೆ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದ ಅಕ್ಕ ಈಗ ಮಾತ್ರೆ ನುಂಗಿ ಗೋಡೆಗೊರಗಿ ಕೂತರೆ ಬಿಸಿಲು ಅಂಗಳಕ್ಕೆ ಬಂದರೂ ಏಳುತ್ತಿರಲಿಲ್ಲ. ದನಿ ದಪ್ಪಗಾಯಿತು, ಕಾಲು ಊದಿತು. ಹಾಲು ಕರೆಯುವ ಕೆಲಸ ಭಾವನ ಪಾಲಿಗೆ ಬಂತು.

ಲಚ್ಚಿಗೆ ಇದು ಒಪ್ಪಿಗೆಯಾಗಲಿಲ್ಲ. ಕರು ಹಾಕಿದಾಗಿನಿಂದ ಅಕ್ಕನ ಕೈಯನ್ನಷ್ಟೇ ಕಂಡ ಎಮ್ಮೆ ಅದು. ಭಾವ ಚೊಂಬು ಹಿಡಿದು ಕೂತರೆ ಹಾಲನ್ನು ಮೇಲಕ್ಕೆಳೆದುಕೊಂಡು, ಬಾಲವನ್ನು ಅವರ ಮುಖಕ್ಕೆ ಬೀಸಿ, ಎತ್ತಲೋ ನೋಡುತ್ತ ನಿಂತುಬಿಡುತ್ತಿತ್ತು. ಭಾವ ಬೈದರು, ಬೆಲ್ಲ ತಿನ್ನಿಸಿದರು, ಕೊನೆಗೆ ನಮ್ಮ ಕಡೆ ಎಮ್ಮೆ ಕಟ್ಟಿದ ಎಷ್ಟೋ ಗಂಡಸರು ಬಾಗಿಲು ಹಾಕಿಕೊಂಡು ಮಾಡುವ ಕೆಲಸವನ್ನೇ ಮಾಡಿದರು. ಅಕ್ಕನ ಹಳೇ ಸೀರೆಯೊಂದನ್ನು ಪಂಚೆಯ ಮೇಲೆ ಸುತ್ತಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ಕೈಗೆ ಬಳೆ ಏರದೆ ಜೇಬಿನಲ್ಲಿ ಹಾಕಿಕೊಂಡು ಕಿಣಿಕಿಣಿ ಎನ್ನಿಸುತ್ತ ಕೊಟ್ಟಿಗೆಗೆ ಹೋದರು. ಲಚ್ಚಿ ಮೂಸಿ ನೋಡಿತು. ಸೀರೆ ಅಕ್ಕನದು, ಮೀಸೆ ಯಾರದು ಎಂದು ಅದಕ್ಕೆ ಗೊಂದಲವಾಗಿರಬೇಕು. ಅರ್ಧ ಚೊಂಬು ಕೊಟ್ಟಿತು. ಅದಕ್ಕಿಂತ ಹೆಚ್ಚು ಎಂದೂ ಕೊಡಲಿಲ್ಲ.

ಒಂದು ದಿನ ಕೊಟ್ಟಿಗೆಯ ಬಾಗಿಲು ಹಾಕುವುದನ್ನು ಮರೆತರು. ಹಾಲಿನ ಡೈರಿಗೆ ಹೊರಟಿದ್ದ ಪಕ್ಕದ ಮನೆಯವನು ದಾರಿಯಿಂದಲೇ, "ಏನಕ್ಕಾ, ಇವತ್ತು ಉಸಾರಾದ್ರಾ?" ಎಂದು ಕೇಳಿದ. ಭಾವ ತಿರುಗಿ ನೋಡದೆ, ಆದಷ್ಟು ಸಣ್ಣ ದನಿಯಲ್ಲಿ "ಊಂ" ಎಂದರಂತೆ. ಅಕ್ಕನ ದನಿ ಕಾಯಿಲೆಯಿಂದ ದಪ್ಪಗಾಗಿದ್ದರಿಂದ ಅವನಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಆ ದಿನವೇ ಭಾವ ನನಗೆ ಫೋನು ಮಾಡಿದರು. "ಮೇಷ್ಟ್ರೇ, ಇನ್ನೊಂದ್ ರಿಪೋರ್ಟ್ ಗಂಟ ಕಾಯ್ತೀನಿ. ಅದ್ರಾಗೂ ನಿಮ್ಮಕ್ಕ ಏಳಂಗಿಲ್ಲ ಅಂದ್ರೆ ಎಮ್ಮೆ ಮಾರ್ಬುಡ್ತೀನಿ. ಈ ವಯಸ್ನಲ್ಲಿ ನಾನು ಸೀರೆ ಉಟ್ಕಂಡು ಬದುಕಾಕಾಗಲ್ಲ."

ಹಿಂದೆಯೇ ಅಕ್ಕ ಫೋನು ಕಿತ್ತುಕೊಂಡಳು. ಅವಳ ದನಿ ಇನ್ನಷ್ಟು ದಪ್ಪಗಿತ್ತು. ಕಾಯಿಲೆಗೋ ಅಳುವಿಗೋ ತಿಳಿಯಲಿಲ್ಲ. "ಲೇ ಸ್ವಾಮಿ, ನಿಂಗೆ ಆ ಪುಡಿಗೋಳ್ನೆಲ್ಲ ತಿಂದು ವಾಸಿ ಆಯ್ತಂತಲ್ಲ. ನಂಗೂ ತತ್ತಾ. ಈ ಮಾತ್ರೆ ತಕ್ಕಂಡೋಗಿ ಒಳೇಗೆ ಬುಡ್ತೀನಿ. ಲಚ್ಚಿ ಒಂಟೋದ್ರೆ ನಾನು ಒತ್ತಾರೆ ಎದ್ದು ಯಾರ್ ಮೊಕ ನೋಡ್ಲಿ?"

ನನಗೆ ನಿಜವಾಗಿ ಸಂಕಟವಾಯಿತು. ಜೊತೆಗೆ, ಬಚ್ಚಿಡುವುದೇಕೆ, ಒಳಗೊಳಗೇ ಹೆಮ್ಮೆಯೂ ಆಯಿತು. ಹುಟ್ಟಿದಾಗಿನಿಂದ ನನಗೆ ಬುದ್ಧಿ ಹೇಳಿದ ಅಕ್ಕ ಮೊದಲ ಬಾರಿ ನನ್ನಿಂದ ಏನನ್ನೋ ಬೇಡಿದ್ದಳು. ಶನಿವಾರ ಶಾಲೆ ಬಿಟ್ಟ ಮೇಲೆ ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿ ನರಸೀಪುರದ ಬಸ್ಸು ಹತ್ತಿದೆ. ಕಡಲಪಾಚಿಯ ದೆಸೆಯಿಂದ ಎರಡು ಸೀಟು ಪೂರ್ತಿ ನನಗೇ ಸಿಕ್ಕಿತು.

ಭಾವ ಆ ಡಬ್ಬಿ ಬಿಚ್ಚಿ ಮೂಸಿದರು. "ಲಚ್ಚಿ ಬೂಸಾಕ್ಕೆ ಕಲಸೋ ಮಿನರಲ್ ಮಿಕ್ಸ್ಚರ್ ಇಂಗೇ ನಾತ ಒಡೀತದೆ" ಎಂದು, ಒಂದು ಚಮಚ ಬೂಸಾಕ್ಕೆ ಕಲಸಿಯೂ ನೋಡಿದರು. ಲಚ್ಚಿ ಬೂಸಾ ಬಿಟ್ಟು ಬಕೆಟ್ಟಿನ ಹಿಡಿಕೆ ನೆಕ್ಕಿತು. ನನ್ನ ಪುಡಿಯ ಬಗ್ಗೆ ಅಲ್ಲಿಯವರೆಗೆ ಬಂದ ಅಭಿಪ್ರಾಯಗಳಲ್ಲಿ ಕಾಗೆಗಳದೂ ಎಮ್ಮೆಯದೂ ಒಂದೇ ಆಗಿತ್ತು.

ಮಾತ್ರೆ ಬಿಡುವ ಮೊದಲು ಅಕ್ಕನ ಡಾಕ್ಟರಿಗೆ ಒಂದು ಮಾತು ಹೇಳೋಣ ಎಂದು ನಾನೇ ಅಂದೆ. ವಿವೇಕದಿಂದಲ್ಲ. ಅವರಿಗೂ ನನ್ನ ರಿಪೋರ್ಟು ತೋರಿಸುವ ಆಸೆ. ಅವರು ಭಾನುವಾರವೂ ಅರ್ಧ ದಿನ ಸಿಗುತ್ತಿದ್ದರು. ಬೆಳಗ್ಗೆ ಅಕ್ಕ ನನ್ನ ಕಣ್ಣೆದುರಿಗೇ ಮಾತ್ರೆ ಬಾಯಿಗೆ ಹಾಕಿಕೊಂಡು ಒಂದು ಲೋಟ ನೀರು ಕುಡಿದಳು. ಆಮೇಲೆ ಜಗಲಿಯ ಮೇಲೆ ಕಾಲು ಚಾಚಿ ಕೂತು, ಎಲೆಅಡಿಕೆ ಚೀಲ ಬಿಚ್ಚಿ, ಎಲೆಯ ಬೆನ್ನಿಗೆ ಧಾರಾಳವಾಗಿ ಸುಣ್ಣ ಸವರಿ, ಮಡಿಸಿ ದವಡೆಗೆ ಇಟ್ಟಳು. ಅದಾದ ಮೇಲೆ ಇನ್ನೊಂದು. ಕಾಫಿಯ ಕಡೆ ತಿರುಗಿಯೂ ನೋಡಲಿಲ್ಲ. ಎಂಥ ಶಿಸ್ತು ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಹೆಡತಲೆ ಎಂಬ ಹಳ್ಳಿಯಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆದವರಂತೆ. ಅವರು ಕರೆಯುವಷ್ಟರಲ್ಲಿ ನಾನು ಹೊರಗಿನ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದೆ. ಅಕ್ಕ ಎಬ್ಬಿಸಿಕೊಂಡು ಒಳಗೆ ಹೋದಳು. ನನ್ನ ರಿಪೋರ್ಟನ್ನು ಮೇಜಿನ ಮೇಲೆ ಹರಡಿ, ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿ ನಿಂತೆ. ಅವರು ಕಾಗದ ನೋಡಿದರು, ನನ್ನ ಊದಿದ ಮುಖ ನೋಡಿದರು.

"ಇಷ್ಟು ಚೆನ್ನಾಗಿರೋ ರಿಪೋರ್ಟ್ ಇರೋರು ಇಷ್ಟು ಚೆನ್ನಾಗಿ ನಿದ್ದೆ ಮಾಡಲ್ಲ ಸಾರ್. ಕೂದಲಿಗೆ ಏನಾದ್ರೂ ತಗೋತಿದ್ದೀರಾ?"

ಹೌದು ಎಂದೆ. ಅವರು ನನ್ನ ತಲೆಯ ಕಡೆ ನೋಡಿದರು. ಅಲ್ಲಿ ಸಾಕ್ಷಿ ಹೇಳುವಂಥದ್ದೇನೂ ಇರಲಿಲ್ಲ. ನಾನೇ ಬಯೋಟಿನ್ ಡಬ್ಬಿಯನ್ನು ಮುಂದಕ್ಕೆ ತಳ್ಳಿದೆ.

"ಇದು ನಿಮ್ಮ ಥೈರಾಯ್ಡ್‌ಗೆ ಏನೂ ಮಾಡಿಲ್ಲ. ಲ್ಯಾಬಿನ ಮಷೀನಿಗೆ ಮಂಕುಬೂದಿ ಎರಚಿದೆ ಅಷ್ಟೆ. ಕೆಲವು ದಿನ ನಿಲ್ಲಿಸಿ ಮತ್ತೆ ರಕ್ತ ಕೊಡಿ, ನಿಜ ಹೊರಗೆ ಬರುತ್ತೆ."

ಉಳಿದ ಡಬ್ಬಿಗಳ ವಿಚಾರಣೆಯೂ ಆಯಿತು. ದೇಹದಲ್ಲಿ ಏನು ಕಡಿಮೆಯಿದೆಯೋ ಅದನ್ನು ಪರೀಕ್ಷೆ ಮಾಡಿ ತುಂಬಿಸಿದರೆ ಒಳ್ಳೆಯದೇ, ಆದರೆ ಮಲಗಿದ ಗ್ರಂಥಿಯ ಕೆಲಸವನ್ನು ಇವುಗಳಲ್ಲಿ ಯಾವುದೂ ಮಾಡುವುದಿಲ್ಲ, ಅದಕ್ಕೆ ಮಾತ್ರೆಯೇ ಬೇಕು ಎಂದರು. ನಾವು ತಿನ್ನುವ ಉಪ್ಪಿನಲ್ಲೇ ಅಯೋಡಿನ್ ಇದೆ, ಅದರ ಮೇಲೆ ಈ ಪಾಚಿ ಸುರಿದರೆ ಗ್ರಂಥಿ ಇನ್ನಷ್ಟು ಕೆಡಬಹುದು ಎಂದರು. ಅಶ್ವಗಂಧ ಕೂಡ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳುವ ಸಾಮಾನಲ್ಲ ಎಂದರು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಗುಳಿಗೆಗಳನ್ನು ಎತ್ತಿ ಹಿಡಿದು, ಇವನ್ನು ಥೈರಾಯ್ಡ್ ಮಾತ್ರೆಯ ಹತ್ತಿರ ಸುಳಿಯಗೊಡಬೇಡಿ, ಇವು ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದು ಕೂರಿಸಿಬಿಡುತ್ತವೆ, ರಕ್ತಕ್ಕೆ ಸೇರಗೊಡುವುದಿಲ್ಲ, ನಾಲ್ಕು ಗಂಟೆಯಾದರೂ ಅಂತರ ಇರಲಿ ಎಂದರು.

ಆಮೇಲೆ ಅಕ್ಕನ ಕಡೆ ತಿರುಗಿದರು. "ನೀವೇನಮ್ಮಾ, ಮಾತ್ರೆ ಆದ್ಮೇಲೆ ಕಾಫಿ ಕುಡೀತೀರಾ?"

"ಇಲ್ಲ ಕಣವ್ವ. ಒಂದ್ ಗಂಟೆ ಒಟ್ಟೇಗೆ ಏನೂ ಆಕಲ್ಲ. ನನ್ ತಮ್ಮ ಏಳವ್ನೆ."

"ಮತ್ತೆ ಆ ಒಂದು ಗಂಟೆ ಏನ್ ಮಾಡ್ತೀರಿ?"

"ಏನ್ ಮಾಡಾದು, ಕಾಪಿ ಇಲ್ದೆ ಒತ್ತು ಓಗಬೇಕಲ್ಲ. ಎಲೆಅಡಕೆ ಆಕ್ಕಂಡು ಕುಂತಿರ್ತೀನಿ. ಮೊದ್ಲು ಉಂಡ್ಮೇಲೆ ಆಕ್ತಿದ್ದೆ. ಈ ಮಾತ್ರೆ ಬಂದ್ಮೇಲೆ ಒತ್ತಾರೆ ಸುರುವಾಯ್ತು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಸುಣ್ಣ ಹಚ್ತೀರಾ?"

"ಚೆನ್ನಾಗೇ ಅಚ್ತೀನಿ. ಮೂಳೇಗೆ ಒಳ್ಳೇದು, ಅದ್ರಾಗೆ ಕ್ಯಾಲ್ಸಿಯಂ ಅದೆ ಅಂತ ಇವ್ನೇ ಏಳ್ಕೊಟ್ಟಿದ್ದು. ಅವತ್ತಿಂದ ಒಂದೀಟು ಜಾಸ್ತೀನೇ ಅಚ್ತೀನಿ."

ಡಾಕ್ಟರಮ್ಮ ನನ್ನನ್ನು ನೋಡಿದ ನೋಟವನ್ನು ನಾನು ಹಿಂದೆ ಕಂಡಿದ್ದೆ. ನಾನೇ ಉತ್ತರ ಬರೆಸಿದ ಪ್ರಶ್ನೆಗೆ ಇಡೀ ಕ್ಲಾಸು ತಪ್ಪು ಬರೆದಾಗ ಹೆಡ್ಮಾಸ್ಟರು ನನ್ನನ್ನು ನೋಡುವುದು ಹೀಗೆಯೇ. ಮಾತ್ರೆ ಒಳಗೆ ಇಳಿಯುತ್ತಿದ್ದಂತೆ ಅದರ ಬೆನ್ನಿಗೇ ಸುಣ್ಣವನ್ನು ಕಳಿಸಿ ಕಟ್ಟಿಹಾಕಿಸುತ್ತಿದ್ದವನು ನಾನು. ಡಾಕ್ಟರು ಪವರ್ ಏರಿಸಿದಂತೆಲ್ಲ ಅಕ್ಕ ಬೇಸರಕ್ಕೆ ಇನ್ನೊಂದು ಎಲೆ ಹಾಕಿಕೊಂಡಿದ್ದಳು.

"ಎಲೆಅಡಕೆ ಊಟವಾ? ಅದ್ನ ಉಗೀತೀನಲ್ಲ" ಎಂದು ಅಕ್ಕ ಒಂದು ಸಲ ವಾದ ಮಾಡಿದಳು. ರಸ ನುಂಗುವುದಿಲ್ಲವೇ ಎಂದು ಡಾಕ್ಟರಮ್ಮ ಕೇಳಿದ್ದಕ್ಕೆ, "ನುಂಗ್ದೆ ಓದ್ರೆ ಆಕ್ಕಂಡ್ ಏನ್ ಪ್ರಯೋಜ್ನ" ಎಂದು ತಾನೇ ಒಪ್ಪಿಕೊಂಡಳು. ಪೂರ್ತಿ ಬಿಟ್ಟರೆ ಬಾಯಿಗೂ ಒಳ್ಳೆಯದು, ಬಿಡಲು ಆಗದಿದ್ದರೆ ಮಧ್ಯಾಹ್ನ ಊಟದ ಮೇಲೆ ಒಂದೇ ಒಂದು, ಬೆಳಗ್ಗೆಯಂತೂ ಕೂಡದು ಎಂದು ತೀರ್ಪಾಯಿತು. ತಮ್ಮಜ್ಜಿಗೂ ಇದನ್ನು ಬಿಡಿಸಲು ತಮ್ಮಿಂದ ಆಗಿಲ್ಲ ಎಂದು ಡಾಕ್ಟರಮ್ಮ ನಗುತ್ತ ಹೇಳಿದ್ದರಿಂದ ಅಕ್ಕ ಮುನಿಸಿಕೊಳ್ಳದೆ ಎದ್ದಳು. ಭಾವನನ್ನು ಮಾತ್ರ ಒಪ್ಪಿಸಬೇಕಿತ್ತು. ಇನ್ನೊಂದೇ ರಿಪೋರ್ಟು, ಅಲ್ಲಿಯವರೆಗೆ ಸೀರೆ ಬಿಚ್ಚಬೇಡಿ ಎಂದು ಕೈಮುಗಿದು ಬಂದೆ.

ನನ್ನ ಹೊಸ ರಿಪೋರ್ಟು ಬಂತು. ಬಯೋಟಿನ್ನಿನ ಮಂಕುಬೂದಿ ಹೋಗಿ, ಮೆದುಳು ಮೊದಲಿಗಿಂತ ಜೋರಾಗಿ ಕೂಗುತ್ತಿರುವುದು ಕಂಡಿತು. ಅದನ್ನು ಸ್ಟಾಫ್ ರೂಮಿನಲ್ಲಿ ಯಾರಿಗೂ ತೋರಿಸಲಿಲ್ಲ. ಪರೀಕ್ಷೆಯಲ್ಲಿ ನನ್ನಲ್ಲಿ ನಿಜಕ್ಕೂ ಕಡಿಮೆ ಇದ್ದದ್ದು ಡಿ ವಿಟಮಿನ್ ಒಂದೇ. ಅಷ್ಟೊಂದು ಡಬ್ಬಿಗಳಲ್ಲಿ ಅದೊಂದೇ ಇರಲಿಲ್ಲ. ಈಗ ಅದನ್ನು ಮಧ್ಯಾಹ್ನ ಊಟದ ಮೇಲೆ ತೆಗೆದುಕೊಳ್ಳುತ್ತೇನೆ. ಬೆಳಗ್ಗೆ ಮಾತ್ರೆಯ ದರ್ಪಕ್ಕೆ ತಲೆಬಾಗಿ ಒಂದು ಗಂಟೆ ಸುಮ್ಮನಿರುತ್ತೇನೆ. ಪಾಣಿಪತ್‌ನ ಮೂರು ಯುದ್ಧಗಳನ್ನೂ ಎಚ್ಚರವಾಗಿದ್ದೇ ಮುಗಿಸುತ್ತಿರುವುದರಿಂದ ಮಕ್ಕಳಿಗೆ ನನ್ನ ಮೇಲಿದ್ದ ಪ್ರೀತಿ ಸ್ವಲ್ಪ ಕಡಿಮೆಯಾಗಿದೆ.

ಅಕ್ಕನ ರಿಪೋರ್ಟು ಬಂದ ದಿನ ನಾನು ತರಗತಿಯಲ್ಲಿದ್ದೆ. ಫೋನು ಎತ್ತಿದರೆ ಅವಳ ದನಿಯೇ ಅರ್ಧ ಸುದ್ದಿ ಹೇಳಿತು. ಹಳೇ ದನಿ, ಕೊಟ್ಟಿಗೆಯಿಂದ ಬೀದಿಗೆ ಕೇಳಿಸುವಂಥದ್ದು. "ಇಳೀತು ಕಣ್ಲಾ ಸ್ವಾಮಿ. ಪವರ್ ಕಮ್ಮಿ ಮಾಡವ್ರೆ. ನಾಳಿಂದ ಲಚ್ಚಿ ನಂದು" ಎಂದಳು. ಮಕ್ಕಳೆದುರಿಗೆ ಕಣ್ಣು ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಚಾಕ್‌ಪೀಸಿನ ಪುಡಿ ಬಳಿದುಕೊಂಡೆ.

ಮರುದಿನ ಬೆಳಗ್ಗೆ ಅಕ್ಕ ಮಾತ್ರೆ ನುಂಗಿ, ಆ ಬರಿಹೊಟ್ಟೆಯ ಒಂದು ಗಂಟೆಗೆ ಕೊನೆಗೂ ಒಂದು ಕೆಲಸ ಸಿಕ್ಕಿತೆಂದು ಚೊಂಬು ಹಿಡಿದು ಕೊಟ್ಟಿಗೆಗೆ ಹೋದಳಂತೆ. ಲಚ್ಚಿ ಮೂಸಿತು, ಕೈ ನೆಕ್ಕಿತು, ಎಲ್ಲ ಸರಿ. ಆದರೆ ಹಾಲು ಇಳಿಸಲೊಲ್ಲದು. ಕತ್ತು ತಿರುಗಿಸಿ ತಿರುಗಿಸಿ ಬಾಗಿಲ ಕಡೆ ನೋಡುತ್ತದೆ. ಅಕ್ಕನಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದ ಮೇಲೆ ಒಳಗೆ ಮಲಗಿದ್ದ ಭಾವನನ್ನು ಎಬ್ಬಿಸಿದಳು. ಅವರು ಬೈದುಕೊಳ್ಳುತ್ತ ಸೆರಗು ಹೊದ್ದು ಬಂದು ಎದುರಿಗೆ ನಿಂತು, ಜೇಬಿನ ಬಳೆ ಕಿಣಿಕಿಣಿ ಎನ್ನಿಸಿದರು. ಚೊಂಬು ತುಂಬಿ ನೊರೆ ಚೆಲ್ಲಿತು.

ಸಪ್ಲಿಮೆಂಟಿನಿಂದ ಪ್ರಯೋಜನ ಇದೆಯೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ನಾನೀಗ ವಾದಕ್ಕಿಳಿಯುವುದಿಲ್ಲ, ಈ ಕಥೆ ಹೇಳುತ್ತೇನೆ. ಭಾವ ಒಬ್ಬರೇ ಕೂತಾಗ ಅರ್ಧ ಚೊಂಬು ದಾಟಲಿಲ್ಲ. ಅಕ್ಕನ ಪಕ್ಕ ನಿಂತಾಗ ತುಂಬಿತು. ಎಮ್ಮೆ ಮಾರುವ ಮಾತು ಆ ಮನೆಯಲ್ಲಿ ಈಗ ಯಾರೂ ಎತ್ತುವುದಿಲ್ಲ. ಮೊನ್ನೆ ಹೋಗಿದ್ದಾಗ ಬೆಳಗಿನ ಕೆಲಸ ಮುಗಿಸಿದ ಭಾವ ಸೀರೆಯನ್ನು ಮಡಿಸಿ ಗೂಟಕ್ಕೆ ಹಾಕಿ, ಮೀಸೆಯ ಮೇಲಿನ ನೊರೆ ಒರೆಸಿಕೊಳ್ಳುತ್ತ ನನ್ನ ಪಕ್ಕಕ್ಕೆ ಬಂದು ಕೂತರು. ಅಕ್ಕನಿಗೆ ಕೇಳಿಸದಂತೆ ದನಿ ತಗ್ಗಿಸಿದರು.

"ಮೇಷ್ಟ್ರೇ, ಆ ಡಾಕ್ಟ್ರಮ್ಮನ್ನ ಒಂದ್ ಮಾತು ಕೇಳಿ. ನಿಮ್ ಡಬ್ಬಿಗೋಳ್ನೆಲ್ಲ ನಿಲ್ಲುಸುದ್ರಲ್ಲ, ನನ್ನ ಯಾವಾಗ ನಿಲ್ಲುಸ್ತಾರಂತೆ?"